ಬೇಲಿಯೇ ಎದ್ದು ಹೊಲ ಮೇಯ್ದಾಗ

ಪ್ಲೇಗು, ಕಾಲರಾ, ವಿಷಮಶೀತಜ್ವರ ಮೊದಲಾದ ವ್ಯಾಧಿಗಳಲ್ಲಿ ಶತ್ರು ಹೊರಗಿನವನು. ಅವನು ಯಾವ ಬಾಗಿಲಿನಿಂದ ಬಂದನು, ಅವನನ್ನು ಹೇಗೆ ಹೊರಗಟ್ಟಬೇಕು ಎಂಬುದನ್ನು ವೈದ್ಯರು ಹೇಳಬಲ್ಲರು. ಆದರೆ ಬೆಳಗ್ಗೆ ಎದ್ದೊಡನೆ ಬೆರಳ ಗೆಣ್ಣುಗಳು ಬಿಗಿದು, ಕಾಫಿಯ ಲೋಟವನ್ನೂ ಹಿಡಿಯಲಾರದೆ ಕುಳಿತ ಗೃಹಿಣಿಗೆ ಅವಳ ಶತ್ರುವನ್ನು ತೋರಿಸುವುದು ಸುಲಭವಲ್ಲ. ಅವಳ ಕೀಲುಗಳನ್ನು ಹಾಳುಗೆಡವುತ್ತಿರುವುದು ಅವಳನ್ನು ಕಾಯುವುದಕ್ಕೆಂದೇ ಹುಟ್ಟಿದ ರಕ್ಷಣಾವ್ಯವಸ್ಥೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಈ ವರ್ಗದ ವ್ಯಾಧಿಗಳನ್ನು ವೈದ್ಯರು ‘ಆಟೋಇಮ್ಯೂನ್’ ರೋಗಗಳೆಂದು ಕರೆಯುತ್ತಾರೆ. ದಾಳಿ ಕೀಲುಗಳ ಮೇಲಾದರೆ ರುಮಟಾಯ್ಡ್ ಸಂಧಿವಾತ. ಇನ್ಸುಲಿನ್ ತಯಾರಿಸುವ ಕೋಶಗಳ ಮೇಲಾದರೆ ಎಷ್ಟೋ ಮಕ್ಕಳನ್ನು ಕಾಡುವ ಟೈಪ್-೧ ಮಧುಮೇಹ. ನರತಂತುಗಳ ಹೊದಿಕೆಯ ಮೇಲಾದರೆ ಮಲ್ಟಿಪಲ್ ಸ್ಕ್ಲೀರೋಸಿಸ್. ಚರ್ಮ, ಕೀಲು, ಮೂತ್ರಪಿಂಡವೆನ್ನದೆ ಎಲ್ಲೆಡೆಯೂ ನುಗ್ಗಿದರೆ ಲೂಪಸ್. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ ಹೆಚ್ಚಿನವರು ಸಂಸಾರದ ಹೊಣೆ ಹೊತ್ತ ವಯಸ್ಸಿನವರು.

ಇಂಥ ಆತ್ಮದ್ರೋಹ ಸಾಧ್ಯವೆಂಬುದನ್ನು ವಿಜ್ಞಾನಲೋಕ ಬಹುಕಾಲ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿ ಪರೀಕ್ಷಿಸಿದನು. ಪರರ ರಕ್ತಕಣಗಳನ್ನು ಕರಗಿಸುವ ವಸ್ತು ಹುಟ್ಟಿತು. ಸ್ವಂತ ರಕ್ತಕಣಗಳನ್ನು ಕರಗಿಸುವ ವಸ್ತು ಹುಟ್ಟಲಿಲ್ಲ. ಶರೀರವು ಸ್ವಹಿಂಸೆಗೆ ಹೇಸುತ್ತದೆಂದು ಆತನು ಭಾವಿಸಿದನು. ೧೯೫೬ರಲ್ಲಿ ಲಂಡನ್ನಿನ ಸಂಶೋಧಕರು, ಹಶಿಮೊಟೊ ಎಂಬ ಥೈರಾಯ್ಡ್ ರೋಗದಿಂದ ಬಳಲುವವರ ರಕ್ತದಲ್ಲಿ ಅವರದೇ ಗ್ರಂಥಿಯ ವಿರುದ್ಧವಾದ ಪ್ರತಿಕಾಯಗಳನ್ನು ಕಂಡಾಗ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಶರೀರದ ಯೋಧರಲ್ಲಿ ಟಿ-ಕೋಶಗಳು ಪ್ರಮುಖವಾದವು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯೇ ಅವುಗಳ ಗುರುಕುಲ. ತನ್ನವರ ಮೇಲೆ ಕೈಯೆತ್ತುವ ಕೋಶಗಳು ಬಹುಮಟ್ಟಿಗೆ ಅಲ್ಲಿಯೇ ನಾಶವಾಗುತ್ತವೆ, ಕೆಲವು ತಪ್ಪಿಸಿಕೊಳ್ಳುತ್ತವೆ. ಹಾಗಿದ್ದೂ ಬಹುಜನರು ಆರೋಗ್ಯದಿಂದಿರುವುದು ಹೇಗೆ? ಜಪಾನಿನ ಶಿಮೊನ್ ಸಕಾಗುಚಿ ಈ ಪ್ರಶ್ನೆಯ ಬೆನ್ನುಹತ್ತಿದನು. ಹುಟ್ಟಿದ ಮೂರನೆಯ ದಿನ ಥೈಮಸ್ ಕಳೆದುಕೊಂಡ ಇಲಿಮರಿಗಳು ಇಂಥ ರೋಗಗಳಿಗೆ ತುತ್ತಾಗುತ್ತಿದ್ದವು. ಆರೋಗ್ಯವಂತ ಇಲಿಯ ಟಿ-ಕೋಶಗಳನ್ನು ಕೊಟ್ಟರೆ ಪಾರಾಗುತ್ತಿದ್ದವು. ಅಂದಮೇಲೆ ಯೋಧರ ನಡುವೆ ಶಾಂತಿಪಾಲಕರೂ ಇರಲೇಬೇಕು! ೧೯೯೫ರಲ್ಲಿ ಆತನು ಆ ಕೋಶಗಳನ್ನು ಬೇರ್ಪಡಿಸಿ ತೋರಿಸಿದನು. ೨೦೦೧ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ್‍ಯಾಮ್ಸ್‌ಡೆಲ್, ಕೆಲವೇ ವಾರ ಬದುಕಿ ಸಾಯುತ್ತಿದ್ದ ಒಂದು ತಳಿಯ ಗಂಡು ಇಲಿಗಳಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ಪತ್ತೆಹಚ್ಚಿದರು. ಶಾಂತಿಪಾಲಕ ಕೋಶಗಳು ರೂಪುಗೊಳ್ಳಲು ಬೇಕಾದುದು ಅದೇ ಎಂಬುದು ಆಮೇಲೆ ಸಿದ್ಧವಾಯಿತು. ಈ ಮೂವರಿಗೆ ೨೦೨೫ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು.

ರೋಗವು ಮೂಡುವುದಕ್ಕೆ ಒಂದೇ ಕಾರಣವಿಲ್ಲ. ವಂಶದ ಒಲವು ಒಂದು; ಸಂಧಿವಾತದ ಮಟ್ಟಿಗೆ ಧೂಮಪಾನ ಇನ್ನೊಂದು; ಸೋಂಕು ಮತ್ತೊಂದು. ಅಮೆರಿಕದ ಸುಮಾರು ಒಂದು ಕೋಟಿ ಸೈನಿಕರ ದಾಖಲೆಗಳನ್ನು ಆಧರಿಸಿದ ೨೦೨೨ರ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ತಗಲಿದ ಬಳಿಕ ಮಲ್ಟಿಪಲ್ ಸ್ಕ್ಲೀರೋಸಿಸ್ ಬರುವ ಸಂಭವ ೩೨ ಪಟ್ಟು ಹೆಚ್ಚಿದುದು ಕಂಡುಬಂದಿತು. ಆದರೆ ಆ ವೈರಸ್ ತಗಲಿದ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ. ಬೀಜ, ನೆಲ, ಮಳೆ ಮೂರೂ ಕೂಡಿದಾಗಲಷ್ಟೇ ಮೊಳಕೆಯೊಡೆಯುವುದು. ಆದಕಾರಣ ಇದು ಯಾರ ಪಾಪದ ಫಲವೂ ಅಲ್ಲ, ತಾಯಿಯ ಅಡುಗೆಯ ದೋಷವೂ ಅಲ್ಲ. ಒಬ್ಬರಿಂದೊಬ್ಬರಿಗೆ ಅಂಟುವ ಜಾಡ್ಯವೂ ಅಲ್ಲ.

ಇನ್ನು ಚಿಕಿತ್ಸೆಯ ಮಾತು. ೧೯೪೮ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದ ಸಂಧಿವಾತದ ತರುಣಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಆದರೆ ಅದು ಇಡೀ ಸೈನ್ಯಕ್ಕೆ ನಿದ್ದೆಯ ಮದ್ದು ಹಾಕಿದಂತೆ. ನಿಜವಾದ ಕಳ್ಳನಿಗೂ ದಾರಿ ಸುಗಮವಾಗುತ್ತದೆ, ಮೂಳೆಗಳೂ ಸೊರಗುತ್ತವೆ. ಮುಂದೆ, ಉರಿಯೂತವನ್ನು ಹಬ್ಬಿಸುವ ಒಂದೊಂದೇ ದೂತವಸ್ತುವನ್ನು ತಡೆಯುವ ಔಷಧಗಳು ಬಂದವು. ಟೆಪ್ಲಿಜುಮಾಬ್ ಎಂಬ ಔಷಧವು ಟೈಪ್-೧ ಮಧುಮೇಹದ ಆಗಮನವನ್ನು ಸುಮಾರು ಎರಡು ವರ್ಷ ಮುಂದೂಡಬಲ್ಲದೆಂದು ತೋರಿ, ೨೦೨೨ರಲ್ಲಿ ಅಮೆರಿಕದ ಮಾನ್ಯತೆ ಪಡೆಯಿತು.

ಇವೆಲ್ಲಕ್ಕಿಂತಲೂ ಬೆರಗುಗೊಳಿಸುವ ಸುದ್ದಿ ಜರ್ಮನಿಯ ಎರ್ಲಾಂಗೆನ್ ನಗರದಿಂದ ಬಂದಿದೆ. ಅಲ್ಲಿಯ ವೈದ್ಯರು ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಪ್ರತಿಕಾಯಗಳ ಉಗಮಕ್ಕೆ ಮೂಲವಾದ ಬಿ-ಕೋಶಗಳನ್ನು ಹುಡುಕಿ ಕೊಲ್ಲುವಂತೆ ಮಾರ್ಪಡಿಸಿ, ಮರಳಿ ರಕ್ತಕ್ಕೆ ಸೇರಿಸಿದರು. ಕೆಲವು ತಿಂಗಳ ಮೇಲೆ ಹೊಸ ಬಿ-ಕೋಶಗಳು ಹುಟ್ಟಿದವು. ರೋಗ ಮಾತ್ರ ಮರಳಲಿಲ್ಲ. ೨೦೨೪ರಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆ ಪಡೆದ ೧೫ ಮಂದಿಯಲ್ಲಿ ಎಂಟು ಮಂದಿ ಲೂಪಸ್ ರೋಗಿಗಳು. ಆ ಎಂಟು ಮಂದಿಯಲ್ಲಿಯೂ ರೋಗ ಶಮನಗೊಂಡು, ಹಿಂದಿನ ಔಷಧಗಳನ್ನು ನಿಲ್ಲಿಸುವುದು ಸಾಧ್ಯವಾಯಿತು. ಶಾಂತಿಪಾಲಕ ಕೋಶಗಳನ್ನೇ ಬೆಳೆಸಿ ರೋಗಿಗೆ ಕೊಡುವ ಪ್ರಯೋಗಗಳೂ ನಡೆದಿವೆ.

ಹದಿನೈದು ಮಂದಿಯ ಗುಣ ಲೋಕದ ಗುಣವಲ್ಲ. ಚಿಕಿತ್ಸೆ ದುಬಾರಿಯಾದುದು, ಅಪಾಯವಿಲ್ಲದ್ದೂ ಅಲ್ಲ. ಆದರೆ ಸೈನ್ಯವನ್ನು ಮಲಗಿಸುವ ಬದಲು ಅದಕ್ಕೆ ತನ್ನವರ ಗುರುತನ್ನು ಮತ್ತೆ ಕಲಿಸುವ ಮಾರ್ಗ ತೆರೆದಿದೆ. ಆ ಮಾರ್ಗ ಎಲ್ಲರ ಮನೆಯವರೆಗೆ ಬರುವ ತನಕ, ವೈದ್ಯರನ್ನು ಬೇಗನೆ ಕಾಣುವುದೂ, ಯಾರದೋ ಮಾತು ಕೇಳಿ ಮಾತ್ರೆಗಳನ್ನು ಥಟ್ಟನೆ ಬಿಡದಿರುವುದೂ ರೋಗಿಗೆ ಶ್ರೇಯಸ್ಕರ.