ದೂರ ಒಂದೇ, ಗಂಟೆ ಬೇರೆ ಬೇರೆ

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರಿದರೆ ಹದಿನೈದೂವರೆ ಗಂಟೆ ಸಾಕು. ಆದರೆ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆ ಹಾದು, ಆ ಬೋಯಿಂಗ್ 777 ವಿಮಾನವನ್ನು 11ರ ನಸುಕಿನಲ್ಲಿ ಕೆಂಪೇಗೌಡ ನಿಲ್ದಾಣಕ್ಕೆ ತಂದಿಳಿಸಿದರು.

ಲೆಕ್ಕಕ್ಕೂ ಹಾರಾಟಕ್ಕೂ ಯಾಕಿಷ್ಟು ಅಂತರ?

ಬೆಟ್ಟದ ತಡೆ

ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿದು ಹಿಡಿದರೆ ಅದು ಪೂರ್ವ ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಸೈಬೀರಿಯ, ಅಲಾಸ್ಕಗಳ ಮೇಲೆ ಹಾಯುತ್ತದೆ. ಅತಿ ಹತ್ತಿರದ ದಾರಿ ಅದೇ. ಆದರೆ ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ವಿಮಾನದೊಳಗಿನ ಗಾಳಿಯೊತ್ತಡ ಕುಸಿದರೆ ಪೈಲಟ್ ಕೂಡಲೇ ಮೂರು ಸಾವಿರ ಮೀಟರ್‌ಗೆ ಇಳಿಯಬೇಕು. ಟಿಬೆಟ್‌ನ ಮೇಲೆ ಹಾಗೆ ಇಳಿಯಲು ಜಾಗವಿಲ್ಲ. ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಗಾಳಿಯ ಪಾಲು

ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಗಾಳಿಯ ವೇಗ ಚಳಿಗಾಲದಲ್ಲಿ ಜಪಾನ್ ಆಸುಪಾಸಿನಲ್ಲಿ ಗಂಟೆಗೆ 300 ಕಿ.ಮೀ. ದಾಟುವುದುಂಟು. ಪೂರ್ವಕ್ಕೆ ಹಾರುವಾಗ ಪೆಸಿಫಿಕ್ ಸಾಗರದ ಮೇಲಿನ ಸುತ್ತುದಾರಿಯಲ್ಲೂ ಈ ಗಾಳಿ ಬೆನ್ನಿಗೆ ಸಿಕ್ಕರೆ ಇಂಧನ ಉಳಿಯುತ್ತದೆ, ವೇಳೆಯೂ ಉಳಿಯುತ್ತದೆ. ಮರಳುವಾಗ ಅದೇ ಗಾಳಿ ಎದುರಾಗುತ್ತದೆ. ಆಗ ಧ್ರುವದ ಕಡೆಯ ದಾರಿ ಲಾಭದ್ದು. ಬೆನ್ನಿಗೆ ಸಿಗುವ ಗಾಳಿಯನ್ನೇ ನೆಚ್ಚಿ 2005ರ ನವೆಂಬರ್‌ನಲ್ಲಿ ಬೋಯಿಂಗ್ 777-200ಎಲ್‌ಆರ್ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಪೂರ್ವದಿಕ್ಕಿನ ಸುತ್ತುದಾರಿ ಹಿಡಿದು, ಎಲ್ಲೂ ಇಳಿಯದೆ 21,602 ಕಿ.ಮೀ. ಹಾರಿ ದಾಖಲೆ ಬರೆಯಿತು.

ಗಡಿಯ ಬೆಲೆ

ಉಕ್ರೇನ್ ಯುದ್ಧ ಶುರುವಾದ ನಂತರ, 2022ರಲ್ಲಿ, ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೊ–ದೆಹಲಿ ನೇರ ಹಾರಾಟ ನಿಲ್ಲಿಸಿತು. ಏರ್ ಇಂಡಿಯಾಕ್ಕೆ ದಾರಿ ತೆರೆದೇ ಇತ್ತು. ಆದರೆ 2023ರ ಜೂನ್‌ನಲ್ಲಿ ದೆಹಲಿಯಿಂದ ಹೊರಟ ಅದರ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದಾಗ, ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಆ ದೂರದ ಊರಿನಲ್ಲೇ ಉಳಿಯಬೇಕಾಯಿತು.

ಗಡಿಯಾರದ ಗೊಂದಲ ಬೇರೆ. ಚಳಿಗಾಲದಲ್ಲಿ ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊಗಳ ಸಮಯಕ್ಕೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನದ ಸಂಜೆ 5 ಗಂಟೆ. ಟಿಕೆಟ್‌ನಲ್ಲಿರುವ ಎರಡು ವೇಳೆಗಳನ್ನು ಕಳೆದು ಪಯಣದ ಅವಧಿ ತಿಳಿಯಲಾಗದು. ಮಕ್ಕಳನ್ನು ನೋಡಲು ಹೊರಡುವ ಅಪ್ಪ-ಅಮ್ಮಂದಿರ ಔಷಧ, ಊಟ, ನಡುನಡುವೆ ಎದ್ದು ಓಡಾಡುವ ವೇಳೆಯನ್ನೆಲ್ಲ ನಿಜವಾದ ಹಾರಾಟದ ಗಂಟೆಗಳ ಮೇಲೆಯೇ ಗೊತ್ತುಮಾಡಬೇಕು.

ಬೆಟ್ಟವನ್ನು ಸರಿಸಲಾಗದು, ಗಾಳಿಯನ್ನು ತಿರುಗಿಸಲಾಗದು. ಗಡಿ ಮುಚ್ಚಿದ್ದರಿಂದ ಹೆಚ್ಚುವ ಗಂಟೆಗಳು ಮಾತ್ರ ಮನುಷ್ಯರೇ ಹೇರಿದವು. ಆಕಾಶದ ದಾರಿಯ ಬಗ್ಗೆ ಮಾತುಕತೆಗೆ ಕೂರುವ ಸರ್ಕಾರಗಳು ಆ ವಯಸ್ಸಾದ ಪ್ರಯಾಣಿಕರನ್ನೂ ಲೆಕ್ಕಕ್ಕೆ ಹಿಡಿಯಬೇಕು.