ಕೊಬ್ಬರಿಯ ಹಣ: ಕೈಗೋ, ಖಾತೆಗೋ?

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಚೀಲಗಳ ತೂಕ ಮುಗಿದು ಪಟ್ಟಿ ಸಿದ್ಧವಾದೊಡನೆ ಬೆಳೆಗಾರನ ಮುಂದೆ ಬರುವ ಪ್ರಶ್ನೆ ಇದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಒಣಗಲು ಹತ್ತು-ಹನ್ನೆರಡು ತಿಂಗಳು ಬೇಕು. ವರ್ಷವಿಡೀ ಕಾದವನು ಮತ್ತೆರಡು ದಿನ ಕಾಯಲು ಹಿಂಜರಿದರೆ ಅದನ್ನು ಹಠವೆನ್ನಲಾಗದು.

ಶನಿವಾರ ಮಾರಿದ ಸರಕಿನ ಹಣ ಸೋಮವಾರ ಜಮೆಯಾಗುತ್ತದೆಂಬ ಹಳೆಯ ದೂರಿಗೆ ಈಗ ಆಧಾರವಿಲ್ಲ. ನೆಫ್ಟ್ ಸೌಲಭ್ಯ 2019ರ ಡಿಸೆಂಬರ್ 16ರಿಂದಲೂ, 2 ಲಕ್ಷ ರೂ. ಮತ್ತು ಮೇಲ್ಪಟ್ಟ ಮೊತ್ತದ ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದಲೂ ರಜಾದಿನಗಳು ಸೇರಿದಂತೆ ಹಗಲಿರುಳು ಲಭ್ಯವಾಗಿವೆ. ಉತ್ತರ ಭಾರತಕ್ಕೆ ಸರಕು ರವಾನಿಸುವ ವರ್ತಕರಿಗೆ ಇದರಿಂದಾದ ಅನುಕೂಲ ಅಲ್ಪವಲ್ಲ.

ಗೊಂದಲವಿರುವುದು ಕಾನೂನಿನ ಮಿತಿಗಳ ವಿಷಯದಲ್ಲಿ. 2017-18ನೇ ಸಾಲಿನಿಂದ ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಪಾವತಿಸಿದರೆ ಆ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪಲಾಗದೆಂಬ ನಿಯಮ ಬಂದಿತು. ಹಿಂದೆ ಈ ಮಿತಿ 20,000 ರೂ. ಇತ್ತು. ಬೆಳೆಗಾರನಿಂದಲೇ ಕೃಷಿ ಉತ್ಪನ್ನ ಕೊಂಡಾಗ ಇದಕ್ಕೆ ವಿನಾಯಿತಿ ಇದೆ. ಮಧ್ಯದ ವ್ಯಾಪಾರಿಯಿಂದ ಕೊಂಡ ಸರಕಿಗೆ ಆ ರಕ್ಷಣೆಯಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡುವ ಅಂಗಡಿಗಳು ತೊಂದರೆಗೆ ಸಿಲುಕುವುದು ಇಲ್ಲಿಯೇ.

ಅದೇ 2017ರ ಏಪ್ರಿಲ್ 1ರಿಂದ 2 ಲಕ್ಷ ರೂ. ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೂ ತಡೆ ಬಂದಿತು. ದಂಡ ಪಡೆದವನಿಗೆ, ಅದೂ ಪಡೆದಷ್ಟೇ ಮೊತ್ತ. ಬೆಳೆಗಾರನು 2 ಲಕ್ಷಕ್ಕಿಂತ ಕಡಿಮೆ ಮೊತ್ತಕ್ಕೆ ವರ್ತಕನಿಗೆ ನಗದು ಮಾರಾಟ ಮಾಡಿದರೆ ಈ ಎರಡೂ ನಿಯಮಗಳ ಅಡ್ಡಿಯಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯು 2017ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಕ್ವಿಂಟಲ್‌ಗೆ 10,000 ರೂ. ದರವಿದ್ದರೆ 20 ಕ್ವಿಂಟಲ್ ಕೊಬ್ಬರಿಗೆ ಈ ಗಡಿ ಮುಟ್ಟುತ್ತದೆ. ದರ 20,000 ರೂ. ಆದರೆ 10 ಕ್ವಿಂಟಲ್‌ಗೇ ಮುಟ್ಟುತ್ತದೆ. ಬೆಲೆ ಏರಿದ ವರ್ಷ ಸಣ್ಣ ಹಿಡುವಳಿದಾರನೂ ಅರಿಯದೆ ಮಿತಿ ದಾಟಬಹುದು. ಇದನ್ನು ಪಟ್ಟಿ ಬರೆಯುವಾಗಲೇ ಅವನಿಗೆ ತಿಳಿಸಬೇಕಾದವರು ವರ್ತಕರು.

ನಗದಿನ ಅಗತ್ಯವನ್ನು ಸರ್ಕಾರವೂ ಅಲ್ಲಗಳೆದಿಲ್ಲ. ವರ್ಷಕ್ಕೆ 1 ಕೋಟಿ ರೂ. ಮೀರಿ ಬ್ಯಾಂಕಿನಿಂದ ನಗದು ತೆಗೆದರೆ ಶೇ. 2ರಷ್ಟು ತೆರಿಗೆ ಮುರಿದುಕೊಳ್ಳುವ ಕ್ರಮ 2019ರ ಸೆಪ್ಟೆಂಬರ್ 1ರಂದು ಜಾರಿಯಾಯಿತು. ಅದೇ ತಿಂಗಳಲ್ಲಿ, ರೈತರಿಗೆ ಪಾವತಿಸಲೆಂದು ಹಣ ತೆಗೆಯುವ ಮಾರುಕಟ್ಟೆ ವರ್ತಕರಿಗೂ ದಲ್ಲಾಳಿಗಳಿಗೂ ವಿನಾಯಿತಿ ದೊರೆಯಿತು.

ಚಿಲ್ಲರೆ ಅಂಗಡಿಯ ಕಥೆ ಬೇರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ನೋಟಿಸ್ ನೀಡಿದಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮರೆಯಾಗಿ ‘ನಗದು ಮಾತ್ರ’ ಎಂಬ ಬರಹ ಬಂದಿತು. ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭರವಸೆಯಿತ್ತ ಮೇಲೆ ವಿವಾದ ತಣ್ಣಗಾಯಿತು. ಫಲಕ ತೆಗೆದವರ ಆತಂಕ ಸಹಜ, ಉಪಾಯ ಮಾತ್ರ ಸರಿಯಲ್ಲ. ಸರಕು ವ್ಯಾಪಾರಕ್ಕೆ ಇರುವ 40 ಲಕ್ಷ ರೂ. ನೋಂದಣಿ ಮಿತಿಯಲ್ಲಿ ನಗದು ವಹಿವಾಟೂ ಸೇರುತ್ತದೆ. ತೆಂಗಿನಕಾಯಿ, ಎಳನೀರು ಮಾತ್ರ ಮಾರುವವನಿಗಂತೂ ಈ ತೆರಿಗೆಯೇ ಇಲ್ಲ. ನೋಟಿಸ್ ಬಂದರೆ ಅದನ್ನು ತೋರಿಸಲು ಅವನ ಬಳಿ ಕಾಗದವಿರಬೇಕು. ನೆಂಟರು ಕೊಟ್ಟ ಕೈಗಡವೂ ಅಂಗಡಿಯ ಜಮೆಯೂ ಒಂದೇ ಖಾತೆಗೆ ಬಿದ್ದರೆ ಬೇರ್ಪಡಿಸುವುದು ಕಷ್ಟ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ತೆರೆದವರಿಗೆ ಅರ್ಧ ತಲೆನೋವು ತಪ್ಪಿದಂತೆ.

ಕಾಯಿ ಸುಲಿಯುವವರ, ಚೀಲ ಹೊರುವವರ ಕೂಲಿಗೆ ಬಂದರೆ ಈ ಚರ್ಚೆಯೆಲ್ಲ ಹಿಂದೆ ಸರಿಯುತ್ತದೆ. ಸಾಧಾರಣ ಮೊಬೈಲ್‌ನಿಂದಲೂ ಹಣ ಕಳುಹಿಸುವ ವ್ಯವಸ್ಥೆ 2022ರ ಮಾರ್ಚ್‌ನಲ್ಲಿ ಬಂದಿದೆ, ನಿಜ. ಆದರೆ ಸಂಜೆ ಸಂತೆಗೆ ಹೊರಟವನು ಕೇಳುವುದು ನೂರರ ನೋಟುಗಳನ್ನೇ. ಅವನ್ನು ಕೊಟ್ಟು ಕೂಲಿ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡರೆ ಅಂಗಡಿಯ ಆ ದಿನದ ಲೆಕ್ಕ ಮುಗಿಯುತ್ತದೆ.