ನಾಯಿಗೆ ರೂಲ್ಸೋ? ನಾಯಿ ಹಿಡಿದವರಿಗೆ ರೂಲ್ಸೋ?

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ದೇವನಹಳ್ಳಿ ಕಡೆಯ ಯಾವುದಾದರೂ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿಗೆ ಹೋಗಿ ಕೂತುಕೊಳ್ಳಿ. ನೀರಿನ ಟ್ಯಾಂಕರ್ ಲೆಕ್ಕ ಐದು ನಿಮಿಷಕ್ಕೆ ಮುಗಿಯುತ್ತೆ. ಜನರೇಟರ್ ಡೀಸೆಲ್ ಲೆಕ್ಕಕ್ಕೆ ಇನ್ನೈದು ನಿಮಿಷ. ಆಮೇಲೆ ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು "ಈ ನಾಯಿಗಳದ್ದು ಏನ್ ಮಾಡೋಣ?" ಅಂತಾರೆ ನೋಡಿ, ಅಲ್ಲಿಂದ ಶುರು ಮಹಾಭಾರತ!

ಒಬ್ಬರ ಮಗು ಲಿಫ್ಟಿನಲ್ಲಿ ಹೆದರಿ ಕಿರುಚಿದೆ. ಇನ್ನೊಬ್ಬರ ಚಪ್ಪಲಿ ಹೊಲಸಾಗಿದೆ. ಮೂರನೆಯವರಿಗೆ ರಾತ್ರಿಯಿಡೀ ಬೊಗಳಾಟ, ಬೆಳಿಗ್ಗೆ ಐದೂವರೆಗೆ ಬಸ್ ಹಿಡಿಯಬೇಕು. ಕೊನೆಗೆ ಎಲ್ಲರ ಕೈ ಎತ್ತಿಸಿ ಒಂದು ಠರಾವು: "ಬರುವ ತಿಂಗಳಿಂದ ಯಾರೂ ನಾಯಿ ಸಾಕುವಂತಿಲ್ಲ."

ಠರಾವೇನೋ ಆಯ್ತು. ಆದರೆ ಸ್ವಾಮಿ, ಅದು ನಿಲ್ಲುತ್ತದೆಯೇ?

ಬಹುಮತಕ್ಕೂ ಮಿತಿ ಉಂಟು

ನಿಲ್ಲುವುದು ಕಷ್ಟ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1962ರಲ್ಲಿ ಹುಟ್ಟಿದ್ದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ. ಅದು 2015ರ ಫೆಬ್ರವರಿಯಲ್ಲಿ ನಿವಾಸಿ ಸಂಘಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಬಹುಮತ ಇದ್ದರೂ ಸಂಘಗಳು ಸಾಕುನಾಯಿ ನಿಷೇಧಿಸುವಂತಿಲ್ಲ. ದೊಡ್ಡ ನಾಯಿ ಬೇಡ, ಸಣ್ಣದಾದರೆ ಸರಿ ಅನ್ನುವಂತಿಲ್ಲ. ಬೊಗಳುತ್ತೆ ಅಂತ ಹೊರಗೆ ಹಾಕಿಸುವಂತಿಲ್ಲ. ಲಿಫ್ಟ್ ಮುಚ್ಚುವಂತಿಲ್ಲ. ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ ಎಂದು ಒತ್ತಾಯ ಮಾಡುವುದಂತೂ ಕೂಡದು!

ಹಾಗಾದರೆ ಮಗು ಹೆದರಿದವರ ಗತಿ? ಅವರ ಮಾತೂ ಸುಳ್ಳಲ್ಲವಲ್ಲ! ಅದಕ್ಕೇ ಅದೇ ಮಾರ್ಗಸೂಚಿ ಸಾಕಿದವರಿಗೂ ಕಿವಿಮಾತು ಹೇಳಿದೆ: ಹೊರಗೆ ಬಂದರೆ ಸರಪಳಿ ಇರಲಿ, ಹೊಲಸು ಮಾಡಿದರೆ ಬಾಚಿ ಎತ್ತಿ, ಅಕ್ಕಪಕ್ಕದವರಿಗೆ ತೊಂದರೆ ಕೊಡಬೇಡಿ. ಆದರೆ ಹೊಲಸಿಗಾಗಿ ದಂಡ ಹಾಕುವ ಅಧಿಕಾರ ಸಂಘಕ್ಕಿಲ್ಲ, ಕೇಳಿಕೊಳ್ಳಬಹುದು, ಅಷ್ಟೆ.

ದೊಡ್ಡವರೇ ಎಡವಿದ್ದು

ಸಂಘಗಳು ಹಾಗಿರಲಿ, ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ. 2018ರಲ್ಲಿ ಅಂದಿನ ಬಿಬಿಎಂಪಿ, ಫ್ಲಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಎಂದು ನಿಯಮ ತಂದಿತು. ಜನ ರೇಗಿದರು, ನಿಯಮ ತಡೆಹಿಡಿಯಬೇಕಾಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ತಳಿಯ ನಾಯಿಗಳನ್ನು 'ಉಗ್ರ' ಎಂದು ಹೆಸರಿಸಿ ಸುತ್ತೋಲೆ ಕಳಿಸಿತು. ಒಂದೇ ತಿಂಗಳು! ಏಪ್ರಿಲಿನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬುದೂ ಒಂದು ಕಾರಣ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸರಪಳಿ ಹಿಡಿಯದವನು ಯಜಮಾನ, ಶಿಕ್ಷೆ ನಾಯಿಗೆ!

ವಠಾರದ ರೂಲ್ಸು

ದೊಡ್ಡಬಳ್ಳಾಪುರದ ಹಳಬರನ್ನು ಕೇಳಿ. ಮಗ್ಗದ ಸದ್ದಿನ ನಡುವೆ ಹತ್ತು ಮನೆ ಒಂದೇ ವಠಾರದಲ್ಲಿ ಬಾಳಿದ್ದುಂಟು. ಬಾಗಿಲಲ್ಲಿ ಬಿದ್ದಿರುತ್ತಿದ್ದ ನಾಯಿ ಯಾರದು? ಎಲ್ಲರದೂ! ಒಂದು ಮನೆಯ ಮುದ್ದೆ, ಇನ್ನೊಂದು ಮನೆಯ ಸಾರು. ಬೈಲಾ ಇರಲಿಲ್ಲ, ಬಾಯಿಮಾತಿತ್ತು.

ಈಗ ರಾಗಿ ಹೊಲ ಲೇಔಟ್ ಆಗಿದೆ. 2008ರಲ್ಲಿ ಏರ್‌ಪೋರ್ಟ್ ಬಂದ ಮೇಲಂತೂ ಕೇಳೋದೇ ಬೇಡ. ಎದುರು ಬಾಗಿಲಿನವರ ಹೆಸರೇ ಗೊತ್ತಿಲ್ಲದ ಕಡೆ ಬಾಯಿಮಾತು ಎಲ್ಲಿಂದ ಬರಬೇಕು? ಬರೆದಿಟ್ಟ ರೂಲ್ಸ್ ಬೇಕೇ ಬೇಕು. ಆದರೆ ಅದು ನಾಯಿಯ ಮೇಲಲ್ಲ, ನಾಯಿ ಹಿಡಿದ ಕೈಯ ಮೇಲೆ ಇರಬೇಕು.

ಏನೇನು ಬರೆಯಬಹುದು? ಒಂದು, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಅದರ ಚೀಟಿಯ ನಕಲು ಸಂಘಕ್ಕೆ. ಎರಡು, ಬಾಗಿಲು ದಾಟಿದರೆ ಸರಪಳಿ, ಅದೂ ದೊಡ್ಡವರ ಕೈಯಲ್ಲಿ. ಮೂರು, ಯಜಮಾನರ ಕೈಯಲ್ಲೊಂದು ಹಳೇ ಪೇಪರ್. ನಾವು ಅಚ್ಚು ಹಾಕಿದ್ದಾದರೂ ಬೇಜಾರಿಲ್ಲ! ನಾಲ್ಕು, ಲಿಫ್ಟಿನಲ್ಲಿ ಮಕ್ಕಳೋ ಮುದುಕರೋ ಇದ್ದು ಹೆದರಿದರೆ ನಾಯಿ ಹಿಡಿದವರು ಮುಂದಿನ ಸಲಕ್ಕೆ ಕಾಯಬೇಕು. ಐದು, ಪಾರ್ಕಿಗೆ ಇಬ್ಬರೂ ಒಪ್ಪಿದ ಹೊತ್ತು. ಈ ರೂಲ್ಸ್ ಬರೆಯುವ ದಿನ ನಾಯಿ ಸಾಕಿದವರನ್ನೂ, ನಾಯಿಗೆ ಹೆದರುವವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ.

ಗೇಟಿನ ಹತ್ತಿರ ಬೀದಿನಾಯಿಗೆ ಬಿಸ್ಕತ್ ಹಾಕುವವರ ಜಗಳವೂ ಇದೆಯಲ್ಲ? ಅದಕ್ಕೆ 2023ರ ನಿಯಮ ದಾರಿ ತೋರಿಸಿದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಹೋಗಿಬರುವ ಬಾಗಿಲು ಬಿಟ್ಟು ಬೇರೆ ಕಡೆ ಜಾಗ ಗೊತ್ತು ಮಾಡಬೇಕು, ಹೊತ್ತೂ ಗೊತ್ತು ಮಾಡಬೇಕು.

ನಾಯಿ ಸಾಕಿದವರೂ ಕೇಳಿ

"ನಮ್ಮ ಟಾಮಿ ಏನೂ ಮಾಡಲ್ಲ" ಅನ್ನಬೇಡಿ. ಅದು ನಿಮಗೆ ಗೊತ್ತು, ಎದುರಿನ ಮಗುವಿಗೆ ಗೊತ್ತೆ? ನಿಮ್ಮ ಅಜಾಗ್ರತೆಯಿಂದ ಪ್ರಾಣಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದೀತು ಅನ್ನುವಂತಿದ್ದರೆ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಓಡಿ. ಅರಿಶಿನ, ಸುಣ್ಣ ಮೆತ್ತಬೇಡಿ. ರೋಗ ಹತ್ತಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಮ್ಮಿ.

ಕೊನೆಗೊಂದು ಮಾತು. ಸಂಘದ ಕಾಟಕ್ಕೆ ಬೇಸತ್ತು ರಾತ್ರೋರಾತ್ರಿ ನಾಯಿಯನ್ನು ಬೈಪಾಸಿನಲ್ಲಿ ಇಳಿಸಿ ಬರುವವರಿದ್ದಾರೆ. ಉಪವಾಸ ಸಾಯಲಿ ಅಂತ ಪ್ರಾಣಿಯನ್ನು ಹಾಗೆ ಬಿಡುವುದು 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೆ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಕಾನೂನಿನ ಲೆಕ್ಕದಲ್ಲಿ ಅದರ ಬೆಲೆ ಎರಡು ಕಾಫಿ. ಕಾರು ಹೋದ ದಿಕ್ಕಿಗೇ ಮುಖ ಮಾಡಿಕೊಂಡು ರಸ್ತೆಬದಿ ಕೂತಿರುವ ಆ ನಾಯಿಯನ್ನು ಬಸ್ಸಿನ ಕಿಟಕಿಯಿಂದ ನೀವೂ ನೋಡಿರುತ್ತೀರಿ. ಬರುವ ಭಾನುವಾರ ಮೀಟಿಂಗಿನಲ್ಲಿ ಕೈ ಎತ್ತುವ ಮುಂಚೆ ಅದನ್ನೊಮ್ಮೆ ನೆನೆಸಿಕೊಳ್ಳಿ.